ವ್ಯಾನಿಗೆ ಹೊಳೆಯುವ ಚಕ್ರ ಹಾಕಿಸಿದ್ದು

ಮಾರ್ಚ್ 4, ಸೋಮವಾರ

ಹಿಮ ಕರಗುತ್ತಿದೆ. ಅಂಗಳವೆಲ್ಲ ಕೆಸರು. ಯಾರೂ ಬರಲಿಲ್ಲ.

ದಿನಚರಿ ಬರೆಯುವುದನ್ನು ಆಮಿಶ್ ಗೆಳತಿ ಲೊವೈನಾ ಹೇಳಿಕೊಟ್ಟಿದ್ದಾಳೆ. ಮೊದಲು ಹವೆ, ಆಮೇಲೆ ಬಂದವರು ಹೋದವರು, ಕೊನೆಗೆ ಅಡುಗೆ. ಆಮಿಶ್ ಹೆಂಗಸರೆಲ್ಲ ಹೀಗೆಯೇ ಬರೆಯುತ್ತಾರಂತೆ. ಅವಳ ಮನೆಗೆ ದಿನವೂ ಜನ, ಹಾಗಾಗಿ ಪುಟ ತುಂಬುತ್ತದೆ. ನನ್ನದು ಮೊದಲ ಸಾಲಿಗೇ ಮುಗಿಯಿತು. ಅಡುಗೆ: ಡಬ್ಬಿಯ ಸೂಪು. ಒಲೆಯ ಮುಂದೆ ನಿಂತುಕೊಂಡೇ ಕುಡಿದೆ.

ಗಂಡ ಡ್ವೇನ್ ಅಕ್ಟೋಬರಿನಲ್ಲಿ ಫ್ಲಾರಿಡಾಕ್ಕೆ ಹೋದ, ಬೌಲಿಂಗ್ ಆಟದ ಜೊತೆಗಾತಿಯನ್ನು ಕಟ್ಟಿಕೊಂಡು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಈ ಮನೆಯನ್ನೂ ಹದಿನೈದು ಜನ ಕೂರುವ ಬಿಳಿ ವ್ಯಾನನ್ನೂ ನನಗೆ ಬಿಟ್ಟ. ಆಮಿಶ್ ಜನ ಹಳೆಯ ಕಟ್ಟಳೆಯ ಕ್ರೈಸ್ತರು, ಕಾರು ಇಟ್ಟುಕೊಳ್ಳುವಂತಿಲ್ಲ, ಆದರೆ ಬೇರೆಯವರ ಕಾರಿನಲ್ಲಿ ಕೂರಬಹುದು. ‘ಬಗ್ಗಿ’ ಎನ್ನುವ ಅವರ ಕುದುರೆ ಗಾಡಿ ಮುಟ್ಟಲಾರದಷ್ಟು ದೂರ ಹೋಗಬೇಕಾದಾಗ ನಮ್ಮಂಥ ‘ಇಂಗ್ಲಿಷರನ್ನು’ ಕರೆಯುತ್ತಾರೆ. ಆಮಿಶ್ ಅಲ್ಲದವರೆಲ್ಲ ಅವರ ಬಾಯಲ್ಲಿ ಇಂಗ್ಲಿಷರೇ. ಡ್ವೇನ್ ಹದಿನೇಳು ವರ್ಷ ಅವರನ್ನು ಓಡಾಡಿಸಿದ. ಈಗ ಆ ಕೆಲಸ ನನ್ನದು. ಟೈರು, ಎಣ್ಣೆ, ಬ್ರೇಕು ಅವನ ಪಾಲು, ಬುತ್ತಿ ಕಟ್ಟುವುದು ನನ್ನ ಪಾಲು ಎಂದಿತ್ತು. ಬುತ್ತಿ ಮಾತ್ರ ಚೆನ್ನಾಗಿ ಬರುತ್ತದೆ.

ಬೆಳಿಗ್ಗೆ ನೋಡಿದರೆ ಹಿಂದಿನ ಎಡಚಕ್ರ ಮತ್ತೆ ಗಾಳಿ ಇಳಿಸಿಕೊಂಡು ಕೂತಿತ್ತು.

ಮಾರ್ಚ್ 5, ಮಂಗಳವಾರ

ಚಳಿ, ಮೋಡ. ಮಂಗಳವಾರವೆಂದರೆ ವೂಸ್ಟರ್ ಪೇಟೆ. ಲೊವೈನಾ, ಅವಳ ಗಂಡ ಆಟ್ಲಿ, ಜೊತೆಗೆ ಒಂಬತ್ತು ಜನ. ಒಬ್ಬರಿಗೆ ಹಲ್ಲು, ಒಬ್ಬರಿಗೆ ಬಟ್ಟೆ, ಒಬ್ಬರಿಗೆ ಆಸ್ಪತ್ರೆ. ಹಿಂದುಗಡೆ ಹಿಟ್ಟಿನ ಮೂಟೆಗಳು. ವಾರದಲ್ಲಿ ಈ ಒಂದು ದಿನವಾದರೂ ನನ್ನ ಹೆಸರನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳುತ್ತಾರೆ. ಮಿಕ್ಕ ದಿನ ರೊವೀನಾ ಎಂಬ ಶಬ್ದವೇ ನನ್ನ ಕಿವಿಗೆ ಬೀಳುವುದಿಲ್ಲ.

ಅವರು ಕೆಲಸ ಮುಗಿಸುವವರೆಗೆ ವ್ಯಾನಿನಲ್ಲೇ ಕೂತು ಬುತ್ತಿ ತಿಂದೆ. ಡ್ರೈವರು ವ್ಯಾನು ಬಿಟ್ಟು ಇಳಿಯಬಾರದು ಎನ್ನುವುದು ಡ್ವೇನ್‌ನ ಕಾಯಿದೆ. ಒಳಗೆ ಹೋಗಿ ಅವರ ಜೊತೆ ಉಂಡರೆ ನೆಂಟರಾಗಿಬಿಡುತ್ತೇವೆ, ಆಮೇಲೆ ಬಾಡಿಗೆ ಕೇಳಲು ಬಾಯಿ ಬರುವುದಿಲ್ಲ ಎನ್ನುತ್ತಿದ್ದ. ಲೊವೈನಾಳ ಮಗಳು ಫ್ಯಾನಿಯ ಮದುವೆಗೆ ಎರಡು ಸಲ ಜನರನ್ನು ತಂದುಬಿಟ್ಟೆವು. ಅವತ್ತೂ ನಾನು ತಗಡಿನ ಬುತ್ತಿ ಡಬ್ಬಿ ಹಿಡಿದು ವ್ಯಾನಿನಲ್ಲೇ ಇದ್ದೆ.

ಹಿಂದಿರುಗುವಾಗ ದಿಬ್ಬದ ಮೇಲೆ ವ್ಯಾನು ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಿದೆ. ಆಟ್ಲಿ ಕುದುರೆಗೆ ಲಾಳ ಕಟ್ಟುವವನು, ಆಳು ದಪ್ಪ. ಕಷ್ಟಪಟ್ಟು ಬಗ್ಗಿ ಚಕ್ರದ ಅಂಚನ್ನು ಉಗುರಿನಿಂದ ಕೆರೆದ. ತುಕ್ಕು ಹಪ್ಪಳದಂತೆ ಎದ್ದು ಬಂತು.

“ಕುದುರೆಗಾದ್ರೆ ಲಾಳ ಬದಲಾಯಿಸ್ತೀನಿ,” ಅಂದ. “ನಿಂದು ಲಾಳ ಅಲ್ಲ ರೊವೀನಾ, ಕಾಲೇ ಹೋಗಿದೆ.”

ಎಲ್ಲರೂ ನಕ್ಕರು. ಲೊವೈನಾ ಮಾತ್ರ ನಗಲಿಲ್ಲ. ಫ್ಯಾನಿ ಕೆಂಟಕಿಯಲ್ಲಿದ್ದಾಳೆ, ಚೊಚ್ಚಲ ಬಸುರಿ, ಏಪ್ರಿಲ್ ಕೊನೆಗೆ ದಿನ. ಹೆರಿಗೆಗೆ ಲೊವೈನಾಳನ್ನು ನಾನೇ ಕರೆದುಕೊಂಡು ಹೋಗಬೇಕೆಂದು ಕ್ರಿಸ್‌ಮಸ್‌ಗೂ ಮುಂಚೆ ಮಾತಾಗಿದೆ. ಬೇರೆಯವರ ಗಾಡಿಯಲ್ಲಿ ಕೂತರೆ ಅವಳಿಗೆ ವಾಂತಿ ಬರುತ್ತದಂತೆ. ಅಷ್ಟರೊಳಗೆ ಸರಿಮಾಡಿಸುತ್ತೇನೆ ಎಂದು ಮತ್ತೆ ಮಾತು ಕೊಟ್ಟೆ.

ಮಾರ್ಚ್ 8, ಶುಕ್ರವಾರ

ಬಿಸಿಲು. ಟೈರ್ ಅಂಗಡಿಗೆ ಹೋದೆ. ಅಂಗಡಿಯ ವೆಂಡೆಲ್ ವ್ಯಾನನ್ನು ಮೇಲಕ್ಕೆತ್ತಿ, ಟಾರ್ಚು ಬಿಟ್ಟು, ನಾಲಿಗೆ ಲೊಚಗುಟ್ಟಿದ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಉಕ್ಕಿನ ಚಕ್ರಗಳನ್ನು ತಿಂದುಹಾಕಿದೆ. ಟೈರು ಕೂರುವ ಅಂಚಿನಲ್ಲೇ ತುಕ್ಕು, ಅಲ್ಲಿಂದ ಗಾಳಿ ಹೋಗುತ್ತಿದೆ. ಇನ್ನೊಂದು ಚಕ್ರ ಹಳ್ಳಕ್ಕೆ ಬಿದ್ದು ಸೊಟ್ಟಗಾಗಿದೆ. ಟೈರಿನ ಜೊತೆ ಚಕ್ರಗಳನ್ನೂ ಬದಲಾಯಿಸದೆ ಗತಿಯಿಲ್ಲ ಅಂದ.

ಮೊದಲು ಮೆತ್ತನೆಯ ಕಾರಿನ ಟೈರು ತೋರಿಸಿದ. ಸದ್ದೇ ಇರುವುದಿಲ್ಲವಂತೆ, ಬೆಣ್ಣೆಯ ಮೇಲೆ ಹೋದಂತಿರುತ್ತದಂತೆ. ನಾನು ಬೆಳಿಗ್ಗೆಯೇ ಕನ್ನಡಕ ಹಾಕಿಕೊಂಡು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ಓದಿಕೊಂಡು ಹೋಗಿದ್ದೆ. ಎಷ್ಟು ಭಾರಕ್ಕೆ ಎಂಥ ಟೈರು, ಮುಂದೆ ಎಷ್ಟು ಗಾಳಿ, ಹಿಂದೆ ಎಷ್ಟು, ಎಲ್ಲ ಅಲ್ಲೇ ಅಂಟಿಸಿದ್ದಾರೆ. ಇಷ್ಟು ವರ್ಷ ಅದೇ ಬಾಗಿಲು ತೆಗೆದು ಹಾಕಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಹದಿನಾಲ್ಕು ಜನ ಕೂರುತ್ತಾರೆ, ಹಿಟ್ಟಿನ ಮೂಟೆ ಬರುತ್ತದೆ, ಒಮ್ಮೆ ಕಬ್ಬಿಣದ ಒಲೆ ಬಂದಿತ್ತು, ಆಟ್ಲಿ ಒಬ್ಬನೇ ಇಬ್ಬರಷ್ಟು, ಈ ಬೆಣ್ಣೆ ತಡೆಯುತ್ತದಾ ಎಂದು ಕೇಳಿದೆ. ವೆಂಡೆಲ್ ನಕ್ಕು ಒಳಗೆ ಹೋಗಿ ಹತ್ತು ಪದರದ ಟೈರು ಉರುಳಿಸಿಕೊಂಡು ಬಂದ. ಪಕ್ಕೆ ಹೆಬ್ಬೆರಳಿನಿಂದ ಒತ್ತಿದರೂ ಬಗ್ಗಲಿಲ್ಲ. ಹಿಮಕ್ಕೂ ಆಗುತ್ತದೆಂಬ ಗುರುತಿತ್ತು. ಅದೇ ಇರಲಿ ಅಂದೆ.

ಆಮೇಲೆ ಚಕ್ರ. ಗೋಡೆಗೆ ನೇತುಹಾಕಿದ್ದರಲ್ಲಿ ಕಡ್ಡಿಕಡ್ಡಿಯ ಅಗಲವಾದದ್ದೊಂದನ್ನು ತೆಗೆದು, ಇದು ಹಾಕಿದರೆ ವ್ಯಾನಿಗೆ ಹರೆಯ ಬರುತ್ತದೆ ಅಂದ. ತಿರುಗಿಸಿ ಹಿಂದೆ ಕೆತ್ತಿದ್ದ ಭಾರದ ಅಂಕಿ ತೋರಿಸಿ ಅಂದೆ. ನಮ್ಮ ವ್ಯಾನಿಗೆ ಬೇಕಾದದ್ದಕ್ಕಿಂತ ಕಮ್ಮಿ ಇತ್ತು, ಹರೆಯ ಬೇಡ ಅಂದೆ. ಮೊದಲಿದ್ದಂಥದೇ ಕಪ್ಪು ಉಕ್ಕಿನ ಚಕ್ರ ತರಿಸಬೇಕೆಂದರೆ ತಿಂಗಳಾಗುತ್ತದಂತೆ. ಇನ್ನೊಂದು ಅಂಗಡಿಯಲ್ಲೇ ಇತ್ತು: ಅಲ್ಯೂಮಿನಿಯಂ, ಎಂಟು ನಟ್ಟಿನದು, ಸುತ್ತಲೂ ದುಂಡನೆಯ ತೂತುಗಳು. ಭಾರ ಬೇಕಾದ್ದಕ್ಕಿಂತ ಹೆಚ್ಚೇ ಹೊರುತ್ತದೆ, ಉಪ್ಪಿಗೂ ಬಗ್ಗುವುದಿಲ್ಲ. ವೆಂಡೆಲ್ ಅದನ್ನು ಬಟ್ಟೆಯಿಂದ ಒರೆಸಿ ಎತ್ತಿ ಹಿಡಿದ. ಅದರಲ್ಲಿ ನನ್ನ ಮುಖ ಕಂಡಿತು, ಉದ್ದಕ್ಕೆ ಎಳೆದಂತೆ, ನಗುತ್ತಿರುವಂತೆ. ನಾನು ನಗುತ್ತಿರಲಿಲ್ಲ.

“ಡ್ವೇನ್ ಅವ್ರನ್ನ ಒಂದ್ಮಾತು ಕೇಳ್ಬೇಕಾ?” ಅಂದ ವೆಂಡೆಲ್.

“ಕೇಳಿ, ಫ್ಲಾರಿಡಾದಲ್ಲಿದ್ದಾನೆ. ಉತ್ತರ ಬರೋವರೆಗೂ ನೀವು ನಟ್ಟು ಬಿಗೀತಿರಿ.”

ಮಾರ್ಚ್ 11, ಸೋಮವಾರ

ಐವತ್ತು ಮೈಲಿ ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿಸಬೇಕಿತ್ತು, ಬಿಗಿಸಿಕೊಂಡು ಬಂದೆ. ವ್ಯಾನು ಗೆರೆ ಎಳೆದಂತೆ ನೇರ ಓಡುತ್ತದೆ. ಸಂಜೆ ಹಳೆಯ ಟವೆಲಿನಿಂದ ನಾಲ್ಕೂ ಚಕ್ರ ಒರೆಸಿದೆ. ಸೂರ್ಯ ಮುಳುಗುವಾಗ ಚಕ್ರಗಳೊಳಗೂ ಕೆಂಪಗೆ ಮುಳುಗುತ್ತಾನೆ. ಈ ಮನೆಯ ಪರದೆ ಡ್ವೇನ್ ಆರಿಸಿದ್ದು, ಟಿವಿ ಅವನದು, ಸೋಫಾ ಅವನ ತಾಯಿಯದು. ಚಕ್ರ ಮಾತ್ರ ನಾನು ಆರಿಸಿದ್ದು. ಯಾರಿಗಾದರೂ ತೋರಿಸಬೇಕೆನ್ನಿಸಿತು, ಅಕ್ಕಪಕ್ಕದಲ್ಲಿ ಯಾರಿದ್ದಾರೆ.

ಮಾರ್ಚ್ 12, ಮಂಗಳವಾರ

ಮಂಜು. ವೂಸ್ಟರ್. ಆಟ್ಲಿ ಚಕ್ರ ನೋಡಿ “ಓಹೋ” ಅಂದ. ಬೇರೆ ಯಾರೂ ಏನೂ ಅನ್ನಲಿಲ್ಲ. ಲೊವೈನಾ ಹತ್ತುವಾಗ ಒಂದು ಗಳಿಗೆ ನಿಂತಳು, ಆಮೇಲೆ ಹತ್ತಿದಳು. ದಾರಿಯುದ್ದಕ್ಕೂ ಅವರ ಡಚ್ ಮಾತಿನಲ್ಲೇ ಮಾತು, ಮೆಲ್ಲಗೆ. ನನಗೆ ಅರ್ಧ ತಿಳಿಯುತ್ತದೆ. ಇವತ್ತು ಅದೂ ತಿಳಿಯಲಿಲ್ಲ.

ಮಾರ್ಚ್ 17, ಭಾನುವಾರ

ಲೊವೈನಾಳ ಅಕ್ಕನ ಮನೆಯವರು ಬೇರೆ ಊರಿನಿಂದ ಬಂದಿದ್ದರು. ಅವರನ್ನು ಪ್ರಾರ್ಥನೆಗೆ ಎನೋಸ್ ರೇಬರ್‌ನ ಕೊಟ್ಟಿಗೆಗೆ ಬಿಟ್ಟೆ. ಇವರಿಗೆ ಚರ್ಚ್ ಕಟ್ಟಡವಿಲ್ಲ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಎನೋಸ್ ಬಗ್ಗಿ ಮಾಡುವವನು, ಅವನ ಕೊಟ್ಟಿಗೆ ದೊಡ್ಡದು. ಪ್ರಾರ್ಥನೆ ಮುಗಿದ ಮೇಲೆ ಮದುವೆ ವಯಸ್ಸಿನ ಹುಡುಗರೆಲ್ಲ ನನ್ನ ವ್ಯಾನಿನ ಸುತ್ತ ನೆರೆದರು. ಒಬ್ಬ ಕುಕ್ಕರುಗಾಲಿನಲ್ಲಿ ಕೂತು, ಚಕ್ರದಲ್ಲಿ ನೋಡಿಕೊಂಡು ಹ್ಯಾಟು ಸರಿಮಾಡಿಕೊಂಡ. ನನಗೆ ಹೆಮ್ಮೆಯೇ ಆಯಿತು. ಕಿಟಕಿ ಇಳಿಸಿ, ಇನ್ನೂ ಒಂದು ಸ್ವಲ್ಪ ಬಲಕ್ಕೆ ಅಂದೆ. ಎಲ್ಲರೂ ನಕ್ಕರು. ದೂರದಲ್ಲಿ ಹಿರಿಯರು ನಗದೆ ನಿಂತಿದ್ದರು, ಹಿರಿಯರು ಯಾವತ್ತು ನಕ್ಕಿದ್ದಾರೆ.

ಬುತ್ತಿ: ಹ್ಯಾಮ್ ಸ್ಯಾಂಡ್‌ವಿಚ್, ಸೇಬು.

ಮಾರ್ಚ್ 19, ಮಂಗಳವಾರ

ಲೊವೈನಾ ಕರೆ ಮಾಡಲಿಲ್ಲ. ಅವರ ಫೋನು ರಸ್ತೆಯಂಚಿನ ಗೂಡಿನಲ್ಲಿದೆ, ನಾಲ್ಕು ಮನೆಗೆ ಒಂದು. ಕೆಟ್ಟಿರಬಹುದು.

ಮಾರ್ಚ್ 23, ಶನಿವಾರ

ಮಳೆ. ಯಾರೂ ಬರಲಿಲ್ಲ. ಫೋನು ಕೆಟ್ಟಿಲ್ಲ. ನಾನೇ ಕರೆ ಮಾಡಿದೆ, ಗೂಡಿನಲ್ಲಿ ಅದು ಒಂದೇ ಸಮನೆ ಹೊಡೆದುಕೊಂಡಿತು.

ಅಂಗಡಿಗೆ ಹೋಗುವಾಗ ಎನೋಸ್‌ನ ಮಗನ ಬಗ್ಗಿ ಎದುರಾಯಿತು. ಮಹಾರಾಯ ನಾಲ್ಕು ಚಕ್ರಕ್ಕೂ ನಡುವೆ ಒಂದೊಂದು ಹಣ್ಣಿನ ಪೈ ಸುಡುವ ತಗಡಿನ ತಟ್ಟೆ ಸಿಕ್ಕಿಸಿಕೊಂಡಿದ್ದಾನೆ. ಮಳೆಯಲ್ಲೂ ಥಳಥಳ. ಅವನಮ್ಮ ಪೈ ಯಾತರಲ್ಲಿ ಸುಡುತ್ತಾಳೋ. ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕೆ, ವ್ಯಾನಿನಲ್ಲಿ ಒಬ್ಬಳೇ.

ಮಾರ್ಚ್ 26, ಮಂಗಳವಾರ

ಇವತ್ತೂ ಇಲ್ಲ.

ಮಾರ್ಚ್ 28, ಗುರುವಾರ

ಬಿಸಿಲು. ಡೈವೋರ್ಸಿನ ಕಾಗದ ಕೋರ್ಟಿನಿಂದ ಬಂತು. ವಾರಪತ್ರಿಕೆಯಲ್ಲೂ ಹಾಕಿದ್ದಾರೆ, ದನ ಮಾರಾಟದ ಪಕ್ಕದಲ್ಲಿ: ಟಿಪ್‌ಟನ್, ಡ್ವೇನ್ ಮತ್ತು ರೊವೀನಾ.

ಕಿರಾಣಿ ಅಂಗಡಿಯ ಮುಂದೆ ಗ್ಲೆನ್‌ನ ಹಳದಿ ವ್ಯಾನು ನಿಂತಿತ್ತು. ಅವನೂ ಆಮಿಶ್ ಜನರನ್ನು ಓಡಾಡಿಸುವವನೇ. ಎರಡನೆಯ ಸಾಲಿನಲ್ಲಿ ಕಪ್ಪು ಬಾನೆಟ್ ಟೋಪಿ ತೊಟ್ಟು ಲೊವೈನಾ ಕೂತಿದ್ದಳು. ನನ್ನನ್ನು ನೋಡಿದಳು. ಕೈ ಅರ್ಧ ಎತ್ತಿದಳು. ನಾನು ಏನನ್ನೂ ಕೊಳ್ಳದೆ ಮನೆಗೆ ಬಂದೆ.

ಈಗ ಎಲ್ಲ ತಿಳಿಯಿತು. ಅವರಲ್ಲಿ ಗಂಡ ಹೆಂಡತಿ ಬಿಡುವುದೆಂಬುದೇ ಇಲ್ಲ. ಡ್ವೇನ್ ಓಡಿಹೋಗಿದ್ದಾನೆ ಎಂದಷ್ಟೇ ಇದ್ದಾಗ ಪಾಪ ಎನ್ನುತ್ತಿದ್ದರು. ಡೈವೋರ್ಸಿನ ಅರ್ಜಿಯ ಸುದ್ದಿ ಹಬ್ಬಿದ ಮೇಲೆ ಪಾಪದವಳಾದೆ. ಬಿಟ್ಟುಹೋದವನು ಅವನು, ಮೈಲಿಗೆ ನನಗೆ. ಅಳು ಬಂತು, ಅತ್ತೆ. ಅತ್ತು ಮುಗಿಸಿದ ಮೇಲೆ ಗ್ಲೆನ್‌ನ ವ್ಯಾನಿನಲ್ಲಿ ಅವಳಿಗೆ ಚೆನ್ನಾಗಿ ವಾಂತಿ ಬರಲಿ ಎಂದುಕೊಂಡೆ.

ಏಪ್ರಿಲ್ 2, ಮಂಗಳವಾರ

ಹವೆ ನೋಡಲಿಲ್ಲ.

ಏಪ್ರಿಲ್ 8, ಸೋಮವಾರ

ಗಾಳಿ, ಬಿಸಿಲು. ಸೋಮವಾರ ಅವರೆಲ್ಲ ಬಟ್ಟೆ ಒಗೆಯುವ ದಿನ, ಲೊವೈನಾ ಹೊರಗೇ ಸಿಗುತ್ತಾಳೆಂದು ನೇರ ಹೋದೆ. ಹಗ್ಗದ ಮೇಲೆ ಆಟ್ಲಿಯ ಪ್ಯಾಂಟುಗಳು ಸಾಲಾಗಿ ಹಾರುತ್ತಿದ್ದವು. ಅವಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದಳು. ಡೈವೋರ್ಸ್ ಆದವಳ ಗಾಡಿ ಹತ್ತಬಾರದೆಂದು ಇದ್ದರೆ ಮುಖಕ್ಕೆ ಹೇಳಬಹುದಿತ್ತು, ಹೀಗೆ ಒಂದೊಂದೇ ಮಂಗಳವಾರ ಕಾಯಿಸಬಾರದಿತ್ತು ಎಂದೆ. ಒಂದೇ ಉಸಿರಿಗೆ ಹೇಳಿದೆ.

ಲೊವೈನಾ ಕ್ಲಿಪ್ಪು ತೆಗೆದಳು. “ಡ್ವೇನ್ ಓಡಿಹೋದ್ರೆ ನಿನ್ನ ವ್ಯಾನು ಏನು ಮಾಡೀತು? ಅದಲ್ಲ. ಚಕ್ರ ಕಣೇ, ಚಕ್ರ.”

ನನಗೆ ಅರ್ಥವಾಗಲಿಲ್ಲ. ಅವಳು ಕೂರಿಸಿಕೊಂಡು ಹೇಳಿದಳು. ಬೇರೆ ಆಮಿಶ್ ಸಭೆಯವರಾದರೆ ಇದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ, ಇವರ ಸಭೆ ಸ್ವಲ್ಪ ಬಿಗಿ. ಹೊಳೆಯುವುದು ಒಳ್ಳೆಯದಲ್ಲ, ಜಂಬ ತರುತ್ತದೆ. ಆದರೂ ಯಾರೂ ಏನೂ ಅನ್ನುತ್ತಿರಲಿಲ್ಲವಂತೆ. ಆದರೆ ಅವತ್ತು ಹುಡುಗರು ಮುತ್ತಿಕೊಂಡದ್ದನ್ನು ನೋಡಿ, ಸದ್ಯಕ್ಕೆ ಆ ವ್ಯಾನು ಹತ್ತಬೇಡಿ ಎಂದು ಹಿರಿಯರು ಹೇಳಿದರಂತೆ. ವಾರದೊಳಗೆ ಎನೋಸ್‌ನ ಮಗನ ಬಗ್ಗಿಗೆ ಪೈ ತಟ್ಟೆ ಬಂತು, ಅವನನ್ನು ನೋಡಿ ಇನ್ನಿಬ್ಬರಿಗೆ ಬಂತು. ಇವರಲ್ಲಿ ವರ್ಷಕ್ಕೆರಡು ಸಲ ಪ್ರಭುಭೋಜನ, ಎಲ್ಲರೂ ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಪ್ರಾರ್ಥನೆ. ಅದಕ್ಕೆ ಮುಂಚೆ ಎಲ್ಲರೂ ಕೂತು ಮಾತಾಡಿ ಒಮ್ಮನಸ್ಸಾಗಬೇಕು, ಒಬ್ಬರ ಮನಸ್ಸು ಒಡೆದಿದ್ದರೂ ರೊಟ್ಟಿ ಮುರಿಯುವಂತಿಲ್ಲ. ಹೋದ ವಾರದ ಆ ಸಭೆಯಲ್ಲಿ ನನ್ನ ಚಕ್ರದ ಮಾತೂ ಬಂತು. ಬರುವ ಭಾನುವಾರದ ಪ್ರಭುಭೋಜನ ಕಳೆಯುವವರೆಗೆ ಆ ವ್ಯಾನು ಬೇಡ ಎಂದಾಯಿತು. ಆಮೇಲೆ ಏನೆಂಬುದನ್ನು ಯಾರೂ ಹೇಳಲಿಲ್ಲ.

“ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು?”

“ಏನಂತ ಹೇಳ್ಲಿ? ನೀನು ನಮ್ಮ ಸಭೆಯವಳಲ್ಲ. ನಿನ್ನ ವ್ಯಾನು, ನಿನ್ನ ಚಕ್ರ. ತೆಗಿ ಅನ್ನೋಕೆ ನಾವ್ಯಾರು? ನಾವು ಹತ್ತದೆ ಇರ್ಬಹುದು, ಅಷ್ಟೇ.”

ಹೊರಡುವಾಗ ಕಾಫಿ ಕುಡಿದು ಹೋಗು ಅಂದಳು. ಬೇಡ ಅಂದೆ.

ಏಪ್ರಿಲ್ 9, ಮಂಗಳವಾರ

ನೀನು ನಮ್ಮ ಸಭೆಯವಳಲ್ಲ. ಅದು ನಿಜವೇ. ನನ್ನ ಸಭೆ ಯಾವುದು ಎಂದು ಯೋಚಿಸುತ್ತ ಒಂದು ಹೊತ್ತು ಕಳೆದೆ. ಯಾವುದೂ ಹೊಳೆಯಲಿಲ್ಲ.

ತೆಗೆಯುವುದಿಲ್ಲ. ಡ್ವೇನ್ ಹೇಳಿದ ಪರದೆ, ಡ್ವೇನ್ ಹೇಳಿದ ಊಟದ ಹೊತ್ತು, ಈಗ ಅವರ ಸಭೆಯ ಬಿಷಪ್ಪರು ಹೇಳಿದ ಚಕ್ರವೋ. ಅದೂ ಬಾಯಿಬಿಟ್ಟು ಹೇಳುವುದಿಲ್ಲ, ನಾನಾಗೇ ತಿಳಿದುಕೊಳ್ಳಬೇಕು. ನಾಲ್ಕೂ ಚಕ್ರ ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿದೆ. ಮುಖ ಕಂಡಿತು. ಇವತ್ತು ನಗುತ್ತಿರುವಂತೆ ಕಾಣಲಿಲ್ಲ.

ಏಪ್ರಿಲ್ 11, ಗುರುವಾರ

ಇದನ್ನು ಕೆಂಟಕಿಯಲ್ಲಿ, ಫ್ಯಾನಿಯ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮಹಡಿಯ ಮೇಲೆ ಹೆಜ್ಜೆ ಸದ್ದು. ಇನ್ನೂ ಆಗಿಲ್ಲ.

ಬೆಳಿಗ್ಗೆ ಕಾಫಿಗೆ ನೀರಿಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಲೊವೈನಾ. ಕೈಯಲ್ಲಿ ಬಟ್ಟೆ ಚೀಲ, ಮೊಣಕಾಲಿನವರೆಗೆ ಕೆಸರು. ಫ್ಯಾನಿಗೆ ದಿನಕ್ಕೆ ಮುಂಚೆಯೇ ನೋವು ಶುರುವಾಗಿದೆಯೆಂದು ಗೂಡಿನ ಫೋನಿಗೆ ಸುದ್ದಿ ಬಂದಿತ್ತು. ಆಟ್ಲಿ ಬಗ್ಗಿ ಕಟ್ಟುತ್ತೇನೆ ಅಂದರೂ ಕಾಯದೆ ಹೊಲದ ಮೇಲೆ ನಡೆದೇ ಬಂದಿದ್ದಾಳೆ.

ಗ್ಲೆನ್ ಊರಲ್ಲಿಲ್ಲವಾ ಎಂದು ಕೇಳಿದೆ. ಕೇಳಬಾರದಿತ್ತು, ಕೇಳಿದೆ.

“ಇದಾನೆ,” ಅಂದಳು. “ಫ್ಯಾನಿ ಹೆರಿಗೆಗೆ ಕರ್ಕೊಂಡು ಹೋಗ್ತೀನಂತ ನೀನು ಮಾತು ಕೊಟ್ಟಿದ್ದೆ. ನಿನ್ನ ಜೊತೇನೇ ಬರ್ತೀನಂತ ನಾನೂ ಕೊಟ್ಟಿದ್ದೆ.”

“ಭಾನುವಾರದ ಪ್ರಭುಭೋಜನ?”

“ಹೆಂಗಿದ್ರೂ ಅಲ್ಲಿರಲ್ಲ. ಬಂದ್ಮೇಲೆ ಸಭೆ ಮುಂದೆ ನಿಂತು ಹೇಳ್ಕೋಬೇಕು, ಹೇಳ್ಕೋತೀನಿ. ನಡಿ, ಹೊತ್ತಾಗತ್ತೆ.”

ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವುದೆಂದರೆ ಅವರಲ್ಲಿ ಏನೆಂದು ನನಗೆ ಗೊತ್ತು. ಎಲ್ಲರೂ ಕೂತಿರುತ್ತಾರೆ, ಒಬ್ಬರೇ ನಿಂತಿರಬೇಕು. ಲೊವೈನಾ ಆಗಲೇ ವ್ಯಾನಿನ ಬಾಗಿಲಿಗೆ ಕೈಹಾಕಿದ್ದಳು. ಪಕ್ಕದಲ್ಲೇ ನಾನು ಉಜ್ಜಿಟ್ಟಿದ್ದ ಚಕ್ರ ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ತಡಿ ಅಂದೆ. ಅಂಗಳದ ಕೆಸರಿಗೆ ಎರಡು ಕೈಯನ್ನೂ ಹಾಕಿ, ಬಾಚಿ ತಂದು ಮುಂದಿನ ಚಕ್ರಕ್ಕೆ ಮೆತ್ತಿದೆ. ಇನ್ನೊಂದು ಬೊಗಸೆ. ತೂತುಗಳಿಗೂ ತುಂಬಿದೆ. ಲೊವೈನಾ ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು, ತೋಳು ಮಡಿಚಿ, ಹಿಂದಿನ ಚಕ್ರಕ್ಕೆ ಹೋದಳು. ಮಗಳು ನೋವು ತಿನ್ನುತ್ತಿದ್ದಾಳೆ, ನಾವಿಬ್ಬರು ಅರವತ್ತು ದಾಟಿದವರು ವ್ಯಾನಿಗೆ ಗಿಲಾವು ಮಾಡುತ್ತಿದ್ದೇವೆ.

“ಬಿಷಪ್ಪರ ಕುದುರೆ ಲದ್ದಿ ಆಗಿದ್ರೆ ಇನ್ನೂ ಚೆನ್ನಾಗಿ ಹಿಡೀತಿತ್ತು,” ಅಂದಳು ಅವಳು, ನಗದೆ. ನನಗೆ ನಗು ತಡೆಯಲಾಗಲಿಲ್ಲ, ನಗುತ್ತ ಅಳುವೂ ಬಂತು. ಮೂಗು ಒರೆಸಿಕೊಳ್ಳಲು ಕೈ ಇರಲಿಲ್ಲ.

ಕೈ ತೊಳೆದು, ಅಭ್ಯಾಸಬಲದಿಂದ ಎರಡು ಸ್ಯಾಂಡ್‌ವಿಚ್ ಮಾಡಿ ಡಬ್ಬಿಗೆ ಹಾಕಿ ಸೀಟಿನ ಕೆಳಗೆ ತಳ್ಳಿದೆ. ಲೊವೈನಾ ಈ ಸಲ ಮುಂದೆಯೇ ಕೂತಳು. ಸಿನ್ಸಿನಾಟಿ ದಾಟುವಷ್ಟರಲ್ಲಿ ಕೆಸರು ಒಣಗಿ ಉದುರತೊಡಗಿತು. ಪೆಟ್ರೋಲು ಹಾಕಿಸುವಾಗ ಅವಳೇ ಇಳಿದು, ಚರಂಡಿಯಿಂದ ಒಂದಿಷ್ಟು ತಂದು ತೇಪೆ ಹಾಕಿದಳು. ಪಕ್ಕದ ಕಾರಿನವನು ನೋಡುತ್ತಲೇ ಇದ್ದ. ಕೆಂಟಕಿಯ ಗುಡ್ಡದಲ್ಲಿ ಜೋರು ಮಳೆ. ವ್ಯಾನು ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಒಳ್ಳೆಯ ಟೈರು.

ಏಪ್ರಿಲ್ 12, ಶುಕ್ರವಾರ

ಹೆಣ್ಣು. ತಲೆತುಂಬ ಕೂದಲು. ನೀರು ಕಾಯಿಸಿದೆ, ಬಟ್ಟೆ ಒಗೆದೆ, ಸೂಲಗಿತ್ತಿಗೂ ಗಂಡಸರಿಗೂ ಕೋಳಿ ನೂಡಲ್ ಮಾಡಿದೆ. ಉಪ್ಪು ಕಮ್ಮಿ ಅಂದರು.

ಏಪ್ರಿಲ್ 14, ಭಾನುವಾರ

ಮೋಡ. ಊರಿನಲ್ಲಿ ಇವತ್ತು ಪ್ರಭುಭೋಜನ. ಲೊವೈನಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅವರ ನಿಧಾನದ ಹಾಡನ್ನು ಒಬ್ಬಳೇ ಹಾಡಿದಳು. ಅದು ಒಬ್ಬರೇ ಹಾಡುವ ಹಾಡಲ್ಲ. ನನಗೆ ಮಾತು ಬರುವುದಿಲ್ಲ, ರಾಗ ಗೊತ್ತು. ಇಷ್ಟು ವರ್ಷ ವ್ಯಾನಿನ ಕಿಟಕಿಯಿಂದ ಕೇಳಿದ್ದೇನೆ. ಆಲೂಗಡ್ಡೆ ಸುಲಿಯುತ್ತ ಪಕ್ಕದಲ್ಲಿ ಗುನುಗಿದೆ.

ಮಧ್ಯಾಹ್ನ ಸಭೆಯ ಮುಂದೆ ಏನು ಹೇಳುತ್ತೀಯ ಎಂದು ಕೇಳಿದೆ.

“ಇದ್ದದ್ದು ಇದ್ದಂಗೆ. ಕೆಸರು ಮೆತ್ತಿದ್ದೂ ಹೇಳ್ತೀನಿ,” ಅಂದಳು. “ಆಗ ಯಾರು ನಗಲ್ವೋ ನೋಡ್ತೀನಿ.”

ಏಪ್ರಿಲ್ 16, ಮಂಗಳವಾರ

ವಾಪಸು ಬಂದೆವು. ದಾರಿಯಲ್ಲಿ ಮಳೆ ಹೊಡೆದು ಕೆಸರೆಲ್ಲ ತೊಳೆದುಹೋಯಿತು. ಲೊವೈನಾಳ ಮನೆ ಮುಂದೆ ನಿಂತಾಗ ನಾಲ್ಕೂ ಚಕ್ರ ಹೊಸದರಂತೆ ಥಳಥಳ. ಆಟ್ಲಿ ಚಕ್ರ ನೋಡಿದ, ನನ್ನನ್ನು ನೋಡಿದ, ಹೆಣ್ಣೋ ಗಂಡೋ ಎಂದು ಕೇಳಿದ.

ಮನೆಗೆ ಬಂದು ಅಂಗಳದಲ್ಲಿ ಚಕ್ರದ ಮುಂದೆ ಕೂತೆ. ಚೆಂದವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಒಂದು ವಾರದಿಂದ ಒರೆಸಬೇಕೆಂದು ಅನ್ನಿಸಿಯೇ ಇರಲಿಲ್ಲ.

ಏಪ್ರಿಲ್ 18, ಗುರುವಾರ

ಎನೋಸ್‌ನ ಹತ್ತಿರ ಹೋಗಿ, ಬಗ್ಗಿಗೆ ಹೊಡೆಯುವ ಕಪ್ಪು ಬಣ್ಣ ಅಲ್ಯೂಮಿನಿಯಂ ಮೇಲೆ ನಿಲ್ಲುತ್ತದಾ ಎಂದು ಕೇಳಿದೆ. ಒರಟಾಗಿ ಉಜ್ಜಿ ಹೊಡೆದರೆ ನಿಲ್ಲುತ್ತದೆ ಅಂದ. ಆಮೇಲೆ ಗಡ್ಡ ನೀವಿಕೊಂಡು ನಿಂತ.

“ನಾವು ಯಾರೂ ಹೇಳಿಲ್ಲ ನಿಮಗೆ,” ಅಂದ.

“ನೀವು ಹೇಳಿದ್ರೆ ಬರ್ತಿರಲಿಲ್ಲ,” ಅಂದೆ. “ನಿಮ್ಮ ಮಗನ ಪೈ ತಟ್ಟೆ ಏನಾಯ್ತು?”

“ಅವನಮ್ಮ ಕಿತ್ಕೊಂಡ್ಳು. ಎಲ್ಲದರಲ್ಲೂ ತೂತು. ಈಗ ಪೈ ರಸ ಒಲೆಗೆ ಸೋರತ್ತೆ.”

ವೆಂಡೆಲ್ ಚಕ್ರ ಬಿಚ್ಚಿಕೊಡುವಾಗ ಹಣೆ ಹಣೆ ಚಚ್ಚಿಕೊಂಡ. ಹಿಂಬದಿಯಲ್ಲಿ ಅಚ್ಚಿಗೆ ಒತ್ತಿ ಕೂರುವ ಜಾಗಕ್ಕೂ ನಟ್ಟು ಕೂರುವ ಜಾಗಕ್ಕೂ ಬಣ್ಣ ತಾಗಿಸಬೇಡಿ, ತಾಗಿಸಿದರೆ ನಟ್ಟು ಸಡಿಲವಾಗುತ್ತದೆ ಎಂದು ಎರಡು ಸಲ ಹೇಳಿದ. ಎನೋಸ್ ಆ ಜಾಗಗಳನ್ನು ಹಾಗೇ ಬಿಟ್ಟು ಮಿಕ್ಕದ್ದಕ್ಕೆಲ್ಲ ಹೊಡೆದ. ಬಗ್ಗಿಗಳ ಸಾಲಿನಲ್ಲಿ ನನ್ನ ನಾಲ್ಕು ಚಕ್ರಗಳೂ ಒಣಗಲು ನಿಂತವು.

ಏಪ್ರಿಲ್ 23, ಮಂಗಳವಾರ

ಬಿಸಿಲು, ಸೇಬಿನ ಮರಗಳು ಮೊಗ್ಗು ಬಿಟ್ಟಿವೆ. ವೂಸ್ಟರ್. ಹನ್ನೆರಡು ಜನ. ಒಂದು ಆಡಿನ ಮರಿಯೂ ಬಂತು, ಬೇಡವೆಂದರೂ ಕೇಳಲಿಲ್ಲ. ಆಟ್ಲಿ ಚಕ್ರ ತಟ್ಟಿ, ಈಗ ಇದಕ್ಕೆ ಹುಲ್ಲು ಹಾಕಬೇಕೋ ಪೆಟ್ರೋಲು ಹಾಕಬೇಕೋ ಎಂದು ಕೇಳಿದ. ಲೊವೈನಾ ಭಾನುವಾರ ಸಭೆಯ ಮುಂದೆ ನಿಂತು ಹೇಳಿಕೊಂಡಳಂತೆ. ಬಿಷಪ್ಪರು ಕೆಮ್ಮು ಬಂದವರಂತೆ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರಂತೆ. ಮಧ್ಯಾಹ್ನ ಎಲ್ಲರೂ ಬಟ್ಟೆ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಉಂಡೆವು. ಲೊವೈನಾಳ ಉಪ್ಪಿನಕಾಯಿ ಸ್ವಲ್ಪ ಹುಳಿಯಾಗಿತ್ತು. ಸಂಜೆ ಅವಳ ಮನೆಯಲ್ಲಿ ಕಾಫಿ. ನಾಡಿದ್ದು ನೂಡಲ್ ಹಿಟ್ಟು ಕಲಸಲು ಬರಬೇಕಂತೆ, ಉಪ್ಪು ಎಷ್ಟು ಹಾಕಬೇಕೆಂದು ತೋರಿಸುತ್ತಾಳಂತೆ.

ಮನೆಗೆ ಬಂದು ವ್ಯಾನು ಗುಡಿಸಿದೆ. ಆಡಿನ ಹಿಕ್ಕೆ. ಡ್ರೈವರ್ ಸೀಟಿನ ಕೆಳಗೆ ತಗಡಿನ ಡಬ್ಬಿ ಸಿಕ್ಕಿತು. ಕೆಂಟಕಿಗೆ ಹೋಗುವಾಗ ಕಟ್ಟಿಕೊಂಡಿದ್ದ ಸ್ಯಾಂಡ್‌ವಿಚ್ ಮುಟ್ಟದೆ ಹಾಗೇ ಇದೆ, ಹಸಿರು ಬೂಷ್ಟು ಹಿಡಿದಿದೆ. ಒಳ್ಳೆಯ ಹ್ಯಾಮು ದಂಡವಾಯಿತು. ಅಷ್ಟು ದಿನ ಅದು ಅಲ್ಲಿರುವುದೇ ಹೇಗೆ ಮರೆತುಹೋಯಿತೋ.